ತಂಬೂರಿ ತಗ್ಗಿದ್ದೇಕೆ?

ಹೋದ ಭಾನುವಾರ ಅತ್ತೆಯ ತಂಬೂರಿಯನ್ನು ಫೋನಿನಲ್ಲಿ ಸರಿಯಾಗಿ ಆರು ಸೆಕೆಂಡು ರೆಕಾರ್ಡ್ ಮಾಡಿ, ಮನೆಗೆ ಬಂದು ಪ್ಯೂರ್ ಡೇಟಾಗೆ ಹಾಕಿದೆ. ಕೇಳಿಸಿದ್ದು ‘ಟಪ್’ ಅಂತ ಒಂದೇ ಸದ್ದು.

ಹೊಸಬರಿಗೆ ಒಂದು ಮಾತು. ‘ಪಿಡಿ’ ಎಂದೇ ಕರೆಯುವ ಈ ತಂತ್ರಾಂಶದಲ್ಲಿ ಕೋಡ್ ಬರೆಯುವುದಿಲ್ಲ. ಪರದೆಯ ಮೇಲೆ ಬಾಕ್ಸುಗಳನ್ನಿಟ್ಟು ವೈರು ಎಳೆಯುತ್ತೇವೆ. ಮಾಡಿದಾತ ಮಿಲ್ಲರ್ ಪಕೆಟ್. ಪ್ಯಾರಿಸ್ಸಿನ ಸಂಗೀತ ಸಂಶೋಧನಾ ಕೇಂದ್ರ ಇರ್ಕಾಮ್‌ನಲ್ಲಿ ಇಂಥದ್ದೇ ‘ಮ್ಯಾಕ್ಸ್’ ತಂತ್ರಾಂಶ ಹುಟ್ಟುಹಾಕಿದವರೂ ಅವರೇ. ಆ ಹೆಸರು 1957ರಲ್ಲೇ ಕಂಪ್ಯೂಟರಿನಿಂದ ಸಂಗೀತ ಹೊರಡಿಸಿದ ಬೆಲ್ ಲ್ಯಾಬ್ಸ್‌ನ ಮ್ಯಾಕ್ಸ್ ಮ್ಯಾಥ್ಯೂಸ್ ಅವರದು.

ಪಿಡಿಯಲ್ಲಿ ಧ್ವನಿ ಕೂರುವ ಜಾಗ ಅರೇ. ಅಂಕಿಗಳ ಉದ್ದನೆಯ ಸಾಲು, ಅಷ್ಟೆ. ಆದರೆ ಅದು ಗೆರೆಯಾಗಿ ಕಣ್ಣಿಗೆ ಕಾಣುತ್ತದೆ, ಮೌಸಿನಿಂದ ತಿದ್ದಲೂ ಬರುತ್ತದೆ. ಹೊಸ ಅರೇಯಲ್ಲಿ ಇರುವುದು 100 ಮನೆ, ಮನೆಗೊಂದು ಸ್ಯಾಂಪಲ್ (ಧ್ವನಿಯ ಒಂದು ಕ್ಷಣದ ಅಳತೆ). ಸೆಕೆಂಡಿಗೆ 44,100 ಸ್ಯಾಂಪಲ್ ಓಡುವಾಗ 100 ಮನೆ ಎರಡು ಮಿಲಿಸೆಕೆಂಡಿಗೆ ತುಸು ಹೆಚ್ಚು. ‘ಟಪ್’ ಎಂದದ್ದು ಅದೇ. ಕಡತ ಓದಿಸುವ ಸೌಂಡ್‌ಫೈಲರ್‌ಗೆ ‘ರೀಸೈಜ್’ ಎಂದು ಹೇಳುವುದನ್ನು ಮರೆತಿದ್ದೆ. ಹೇಳಿದೆ, 2,88,000 ಎಂಬ ಅಂಕಿ ಹೊರಗೆ ಬಂತು.

ಆಗಲೇ ಎಚ್ಚರಾಗಬೇಕಿತ್ತು. ಆರು ಸೆಕೆಂಡಿಗೆ 2,64,600 ತಾನೆ ಬರಬೇಕು? ಲೆಕ್ಕ ಹಾಕದೆ, ಅರೇಯನ್ನು ನುಡಿಸುವ ಟ್ಯಾಬ್‌ಪ್ಲೇಗೆ ಕೊಟ್ಟು, ಅತ್ತೆಗೆ ಫೋನಿನಲ್ಲೇ ಕೇಳಿಸಿದೆ. ಅವರದು ಐದು ಮನೆ ಶ್ರುತಿ (ಈ ಮನೆ ಅರೇಯದಲ್ಲ, ಶ್ರುತಿಯ ಎತ್ತರದ ಅಳತೆ). “ಇದ್ಯಾವ ತಂಬೂರಿನಪ್ಪ? ನಾಲ್ಕೂ ಅಲ್ಲ, ನಾಲ್ಕೂವರೆನೂ ಅಲ್ಲ” ಎಂದರು.

ಅಕ್ಷರಶಃ ನಿಜ. ಫೋನು ಹಿಡಿದದ್ದು ಸೆಕೆಂಡಿಗೆ 48,000ದಂತೆ, ನನ್ನ ಪಿಡಿ ಓಡುತ್ತಿದ್ದದ್ದು 44,100ರಲ್ಲಿ. ಟ್ಯಾಬ್‌ಪ್ಲೇ ಮಹಾ ನಿಯತ್ತಿನ ಆಳು: ಒಂದು ಸ್ಯಾಂಪಲ್ಲಿಗೆ ಒಂದು ಸ್ಯಾಂಪಲ್, ಕಡತ ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಆರು ಸೆಕೆಂಡು ಆರೂವರೆಗೆ ಹಿಗ್ಗಿತು. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿದು ಎರಡು ಮನೆಗಳ ನಡುವಿನ ಗೋಡೆಗೆ ಹೋಗಿ ಕೂತಿತು.

ಮದ್ದು ಫೇಸರ್ ಮತ್ತು ಟ್ಯಾಬ್‌ರೀಡ್4. ಫೇಸರ್ ಸೊನ್ನೆಯಿಂದ ಒಂದರವರೆಗೆ ಏರಿ ಮತ್ತೆ ಸೊನ್ನೆಗೆ ಬೀಳುತ್ತದೆ. ಆರು ಸೆಕೆಂಡಿಗೊಮ್ಮೆ ಏರಲಿ ಎಂದು 0.1667 ಕೊಟ್ಟು, ಬಂದದ್ದನ್ನು 2,88,000ದಿಂದ ಗುಣಿಸಿ ಟ್ಯಾಬ್‌ರೀಡ್4ಕ್ಕೆ ಇಳಿಸಿದೆ. ಅದು ಅರೇಯ ಎರಡು ಮನೆಗಳ ನಡುವೆ ನಿಂತಾಗ ಅಕ್ಕಪಕ್ಕದ ನಾಲ್ಕು ಅಂಕಿ ನೋಡಿ ಬೆಲೆ ಕಟ್ಟುತ್ತದೆ. ಐದು ಮನೆ ಶ್ರುತಿ ಮರಳಿತು. ಸುತ್ತು ಮುಗಿದು ಮತ್ತೆ ಶುರುವಾಗುವಲ್ಲಿ ಮಾತ್ರ ಸಣ್ಣ ಚಿಟಕು: ಕೊನೆಯ ಅಂಕಿಗೂ ಮೊದಲ ಅಂಕಿಗೂ ಹೊಂದಾಣಿಕೆ ಇಲ್ಲ. ಎರಡೂ ತುದಿಯನ್ನು ಕೆಲವೇ ಮಿಲಿಸೆಕೆಂಡಿನಲ್ಲಿ ಸೊನ್ನೆಗೆ ಇಳಿಸಿದರೆ ಅದೂ ಹೋಗುತ್ತದೆ.

ಆಮೇಲೆ ಚಪಲಕ್ಕೆ ಫೇಸರ್‌ಗೆ ಮೈನಸ್ ಹಾಕಿದೆ. ತಂಬೂರಿ ಹಿಂದುಮುಂದಾಯಿತು: ನಾದ ಎಲ್ಲಿಂದಲೋ ಉಬ್ಬುತ್ತಾ ಬಂದು, ಬೆರಳು ತಂತಿ ಮುಟ್ಟುವ ಗಳಿಗೆಯಲ್ಲಿ ಫಕ್ಕನೆ ನಿಲ್ಲುತ್ತದೆ. ಅತ್ತೆಗೆ ಇದನ್ನು ಕೇಳಿಸುವ ಧೈರ್ಯ ಇನ್ನೂ ಬಂದಿಲ್ಲ.

ಪಿಡಿಗೆ ದುಡ್ಡು ಕೊಡಬೇಕಿಲ್ಲ. ಇಳಿಸಿಕೊಂಡು ನಿಮ್ಮ ಮನೆಯದೇ ಒಂದು ಸದ್ದು ಹಾಕಿ ನೋಡಿ. ಕಡತ ವೇವ್ ಆಗಿರಲಿ. ಎಂಪಿ3 ಕೊಟ್ಟರೆ ಸೌಂಡ್‌ಫೈಲರ್ ಮುಟ್ಟುವುದಿಲ್ಲ.