ಬಾಯಿ ಕಳೆದುಕೊಂಡ ಲಕ್ಷ್ಮೀಬಾಯಿ

ಒಂದನೇ ಇಯತ್ತೆಯ ಮಗುವಿಗೆ 'ತಿಕೋಟಾ' ಎಂಬಲ್ಲಿ ಅಕ್ಷರ ಎಷ್ಟು ಎಂದು ಕೇಳಿ ನೋಡಿ. ಬೆರಳು ಮಡಚಿ 3 ಎನ್ನುತ್ತದೆ. ಕಂಪ್ಯೂಟರನ್ನು ಕೇಳಿದರೆ ಒಮ್ಮೆ 6 ಎನ್ನುತ್ತದೆ, ಇನ್ನೊಮ್ಮೆ 18 ಎನ್ನುತ್ತದೆ. ಮಗುವೂ ತಪ್ಪಿಲ್ಲ, ಯಂತ್ರವೂ ಸುಳ್ಳು ಹೇಳುತ್ತಿಲ್ಲ. ತಿಕೋಟಾ ದ್ರಾಕ್ಷಿಯ ಸೀಮೆ. ಆ ಭಾಷೆಯಲ್ಲೇ ಹೇಳುವುದಾದರೆ ನಾವು ಎಣಿಸುವುದು ಗೊಂಚಲನ್ನು, ಯಂತ್ರ ಎಣಿಸುವುದು ಹಣ್ಣನ್ನು. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ 'ತ'ಗೆ ಒಂದು ಸಂಖ್ಯೆ, ಅದರ ಗುಡಿಸಿಗೆ ಇನ್ನೊಂದು. ಅವನ್ನು ಯುಟಿಎಫ್-8 ಎಂಬ ಕ್ರಮದಲ್ಲಿ ಕೂಡಿಡುವಾಗ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಜಾಗ ಬೇಕು. ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್ ಸಾಕು.

ವಿಮರ್ಶೆಯೆಂದರೆ ಕಥೆ ಕಾದಂಬರಿಗಳದ್ದೇ ಆಗಬೇಕೆಂದಿಲ್ಲ. ನಮ್ಮ ಹೆಸರನ್ನು ನಮಗಿಂತ ಹೆಚ್ಚು ಸಲ ಬರೆಯುವುದು ಇಂದು ಯಂತ್ರ. ಅದರ ಬರವಣಿಗೆಯನ್ನೂ ಓದಿ, ಸರಿ ತಪ್ಪು ಹೇಳುವುದು ಓದುಗರ ಹಕ್ಕು.

ತಿಕೋಟಾದ ನನ್ನ ನಾದಿನಿ ತಮ್ಮ ಸ್ವಸಹಾಯ ಸಂಘದ ಯಾದಿಯನ್ನು ಒಂದು ಕಚೇರಿಯಿಂದ ಅಚ್ಚು ಹಾಕಿಸಿ ತಂದಿದ್ದಳು. ಅದರಲ್ಲಿ 'ಲಕ್ಷ್ಮೀಬಾಯಿ' ಎಂಬ ಹೆಸರಿದ್ದಲ್ಲಿ 'ಲಕ್ಷ್ಮ' ಎಂದಷ್ಟೇ ಇದ್ದು, ಮುಂದೊಂದು ಪ್ರಶ್ನೆ ಚಿಹ್ನೆ ಕೂತಿತ್ತು. "ವೈನಿ, ನಮ್ಮ ಲಕ್ಷ್ಮೀಬಾಯಿಗೆ ಬಾಯಿನ ಇಲ್ಲ ನೋಡ್ರಿ!" ಎಂದು ನಕ್ಕಳು. ಆ ನಗೆ ಬಹಳ ಹೊತ್ತು ಉಳಿಯಲಿಲ್ಲ. ಹೆಸರು ಕೂಡುವುದಿಲ್ಲವೆಂದು ಆ ಹೆಣ್ಣುಮಗಳ ಸಾಲ ನಿಂತಿತು. ಎರಡು ದಿನದ ಕೂಲಿ ಬಿಟ್ಟು ವಿಜಯಪುರಕ್ಕೆ ಬಂದು, ತಾನೇ ತಾನೆಂದು ಸಾಧಿಸಬೇಕಾಯಿತು.

ಲೆಕ್ಕ ಸರಳವಾಗಿದೆ. ಲಕ್ಷ್ಮೀಬಾಯಿ ಎಂದರೆ ನಮಗೆ 4 ಅಕ್ಷರ. ಯಂತ್ರಕ್ಕೆ 11 ಸಂಕೇತ, 33 ಬೈಟ್. ಹೆಸರಿಗೆ 20 ಬೈಟಿನ ಡಬ್ಬಿ ಇಟ್ಟರೆ 6 ಸಂಕೇತ ಹಿಡಿದು, ಏಳನೆಯದರ ಚೂರು ಉಳಿಯುತ್ತದೆ. ಆ ಚೂರೇ ಪ್ರಶ್ನೆ ಚಿಹ್ನೆ. ಲಕ್ಷ್ಮೀಬಾಯಿಯಂಥ ಗೊಂಚಲು ಕಡಿದು ಬೀಳುವಲ್ಲಿ ಇಂಗ್ಲಿಷಿನ ಹೆಸರು ಅನಾಯಾಸವಾಗಿ ಹಿಡಿಯುತ್ತದೆ. ಸಿ ಭಾಷೆಯಲ್ಲಿ 'ಚಾರ್' ಎಂಬ ಡಬ್ಬಿ 1 ಬೈಟಿನದು. ಒಂದು ಡಬ್ಬಿ ಒಂದು ಅಕ್ಷರ ಎಂದು ನಂಬಿ ಬರೆದವರು ಕನ್ನಡವನ್ನು ಕನಸಿನಲ್ಲೂ ಕಂಡವರಲ್ಲ. ದೊಡ್ಡ ಡಬ್ಬಿಯೂ ಬಂತು. ಅದು ವಿಂಡೋಸ್‌ನಲ್ಲಿ 2 ಬೈಟ್, ಲಿನಕ್ಸ್‌ನಲ್ಲಿ 4. ಅಂಗಡಿಗೊಂದು ಸೇರು ಇದ್ದ ಹಾಗೆ! ಒಂದು ಕಡೆ ಅಳೆದದ್ದನ್ನು ಇನ್ನೊಂದು ಕಡೆ ಸುರಿದರೆ ಜೋಳ ನೆಲಕ್ಕೆ ಬೀಳದೆ ಇನ್ನೇನಾದೀತು?

ಬಬಲೇಶ್ವರದ ಪಾಡು ಬೇರೆ. ಅದರ 'ಲೇ'ಯನ್ನು ಯಂತ್ರದಲ್ಲಿ ಎರಡು ಬಗೆಯಾಗಿ ಇಡಬಹುದು: ಏತ್ವಕ್ಕೆ ಒಂದೇ ಸಂಕೇತ, ಇಲ್ಲವೇ ಎತ್ವಕ್ಕೊಂದು, ದೀರ್ಘಕ್ಕೊಂದು. ಕಣ್ಣಿಗೆ ಎರಡೂ ಒಂದೇ ಊರು. ಹುಡುಕುವ ಯಂತ್ರಕ್ಕೆ ಎರಡು ಊರು. ಇವನ್ನು ಸಮ ಮಾಡುವ ನಿಯಮವನ್ನು ಯೂನಿಕೋಡೇ ಕೊಟ್ಟಿದೆ. ಬಳಸದವರ ಆಲಸ್ಯವನ್ನು ಭಾಷೆಯ ಮೇಲೆ ಹಾಕಿ "ಕನ್ನಡ ಕಂಪ್ಯೂಟರಿಗೆ ಒಗ್ಗುವುದಿಲ್ಲ" ಎನ್ನುವುದು ಸರಿಯಲ್ಲ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಮನೆಯಿತ್ತು.

ಆದರೂ ಹಳೆಯ ದಾರಿಯನ್ನು ಹಳಿಯಲಾರೆ. 1998ರಲ್ಲಿ ಬಂದ ಬರಹ, ನಂತರದ ನುಡಿ ಇಲ್ಲದಿದ್ದರೆ ಎಷ್ಟೋ ಮಹಿಳಾ ಸಂಘಗಳ ಸಂಚಿಕೆಗಳು ಅಚ್ಚಾಗುತ್ತಲೇ ಇರಲಿಲ್ಲ. ಆದರೆ ಆ ಕಾಲದ ಅಕ್ಷರಶೈಲಿಗಳು ಇಂಗ್ಲಿಷಿನ ಮನೆಯಲ್ಲಿ ಕನ್ನಡದ ವೇಷ ತೊಟ್ಟಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನುಡಿಯ 'ಕ' ಇಂಗ್ಲಿಷಿನ 'ಪಿ'ಯಾಗಿ, ಪಕ್ಕದಲ್ಲಿ ತಲೆಯ ಮೇಲೆ ಗೆರೆ ಹೊತ್ತ 'ಎ' ನಿಲ್ಲುತ್ತದೆ. ಸಿಡಿಯಲ್ಲಿ ಕಾಪಾಡಿಟ್ಟ ಕವಿತೆಗಳು ಹೀಗೆ ಮೂಕವಾಗಿವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಿಕೊಳ್ಳುವುದು ಈಗಲೇ ಆಗಬೇಕಾದ ಕೆಲಸ.

ಫ. ಗು. ಹಳಕಟ್ಟಿಯವರು ಇದೇ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ನಡೆಸಿ, 1926ರಲ್ಲಿ 'ಶಿವಾನುಭವ' ಪತ್ರಿಕೆ ಹೊರತಂದರು. ಓಲೆಗರಿಯ ವಚನಗಳು ಸೀಸದ ಮೊಳೆಗೆ ಬಂದವು. ಮೊಳೆ ಜೋಡಿಸುವವನು ಸಾಲಿನಲ್ಲಿ ಜಾಗ ಸಾಲದೆಂದು 'ಕ್ಷ್ಮೀ'ಯನ್ನು ಅರ್ಧಕ್ಕೆ ಕತ್ತರಿಸುವಂತಿರಲಿಲ್ಲ. ಸೀಸ ಅದಕ್ಕೆ ಒಪ್ಪುತ್ತಿರಲಿಲ್ಲ. ಸೀಸಕ್ಕಿದ್ದ ಮರ್ಯಾದೆ ಇಂದಿನ ತಂತ್ರಾಂಶಕ್ಕೂ ಬರಲಿ.

ಕೇಳುವುದು ಹೆಚ್ಚೇನಿಲ್ಲ. ಡಬ್ಬಿಯನ್ನು ದೊಡ್ಡದಿಡಿ, ಕತ್ತರಿಸಲೇಬೇಕಾದರೆ ಗೊಂಚಲಿನ ಬುಡದಲ್ಲಿ ಕತ್ತರಿಸಿ, ಹುಡುಕುವ ಮುನ್ನ ಎರಡು ಬಗೆಯ ಬರವಣಿಗೆಯನ್ನು ಒಂದಾಗಿಸಿ. ಹೊಸ ತಂತ್ರಾಂಶ ಹೊರಡುವ ಮೊದಲು ನಮ್ಮ ಕಡೆಯ ಸರೋಜಿನಿಬಾಯಿ, ಕಸ್ತೂರಿಬಾಯಿ, ಲಕ್ಷ್ಮೀಬಾಯಿಯರ ಹೆಸರು ಹಾಕಿ ನೋಡಿ. ಗೆಳತಿಯರೇ, ನೀವೂ ರಸೀದಿ ಕೈಗೆ ಬಂದಾಗ ಮೊತ್ತ ನೋಡಿದಷ್ಟೇ ಎಚ್ಚರದಿಂದ ಹೆಸರನ್ನೂ ಓದಿ, ಮುರಿದಿದ್ದರೆ ಅಲ್ಲಿಯೇ ನಿಂತು ತಿದ್ದಿಸಿ. ಹೆಸರು ಚಿಕ್ಕದು ಮಾಡಿಕೊಳ್ಳಿ ಎಂದಾರು. ಮಾಡಿಕೊಳ್ಳಬೇಡಿ.