ಸೀತೆಯ ಮಾತು ಮತ್ತು ಬಾಡಿಗೆಯ ಹೊಗೆ

ಈ ಸಲದ ಶಾಲಾ ವಾರ್ಷಿಕೋತ್ಸವದಲ್ಲಿ ಸೀತೆಯ ಅಗ್ನಿಪ್ರವೇಶದ ದೃಶ್ಯಕ್ಕೆಂದು ಹೊಗೆ ಯಂತ್ರವನ್ನು ಬಾಡಿಗೆಗೆ ತಂದಿದ್ದೆವು. ಸಾಲದೆಂದು ಸ್ಪೀಕರಿನಲ್ಲಿ ಬೆಂಕಿಯ ಸದ್ದು ಬೇರೆ. ಚಪ್ಪಾಳೆಯೇನೋ ಜೋರಾಗಿಯೇ ಬಿತ್ತು. ನಾಟಕ ಮುಗಿದ ಮೇಲೆ ಸೀತೆಯಾಗಿದ್ದ ಹುಡುಗಿಯ ತಾಯಿ ಬಂದು, "ಚೆನ್ನಾಗಿತ್ತು ಮೇಡಂ. ನಮ್ಮ ಹುಡುಗಿ ಬೆಂಕಿಯ ಮುಂದೆ ಏನೋ ಹೇಳಿದಳಲ್ಲ, ಏನದು? ಕೇಳಿಸಲೇ ಇಲ್ಲ" ಎಂದರು.

ಒಂದು ತಿಂಗಳು ಕೂತು ಆ ಮಾತು ಕಲಿಸಿದವಳು ನಾನು. ಗಂಡನೆದುರು, ಅಷ್ಟು ಜನರೆದುರು, ಹೆಣ್ಣೊಬ್ಬಳು ತನ್ನ ಪರವಾಗಿ ತಾನೇ ನಿಂತು ಆಡುವ ಮಾತು. ದೃಶ್ಯ ಆರಿಸಿದ್ದೇ ಅದಕ್ಕಾಗಿ. ಹೊಗೆಗೆ ಹೂಂ ಎಂದವಳೂ ನಾನೇ!

ಹಿಂದೊಮ್ಮೆ ಇದೇ ದೃಶ್ಯ ಆಡಿಸಿದಾಗ ನಮ್ಮಲ್ಲಿದ್ದದ್ದು ಒಂದು ಟೇಬಲ್ ಫ್ಯಾನು, ಹಳೆಯ ನೈಲಾನ್ ದುಪಟ್ಟಾಗಳು, ಎರಡು ಬಲ್ಬು. ದುಪಟ್ಟಾಗಳನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ತಂತಿಗೆ ಕಟ್ಟಿ, ಕೆಳಗೆ ಫ್ಯಾನನ್ನು ಮೇಲ್ಮುಖವಾಗಿ ಇಟ್ಟು, ಮುಂದೆ ಸೌದೆಯ ಚಿತ್ರ ಬರೆದ ರಟ್ಟು ನಿಲ್ಲಿಸಿದ್ದೆವು. ಕೆಂಪು ದೀಪವೊಂದನ್ನೇ ಹಾಕಿದರೆ ಕೆಂಪು ಬಟ್ಟೆ ಬಿಳಚಿಕೊಳ್ಳುತ್ತದೆ; ಪಕ್ಕದಲ್ಲಿ ಹಳದಿಯೂ ಬೇಕು. ಬಲ್ಬು ಬಟ್ಟೆಗೆ ತಾಗದಂತೆ ದೂರವಿರಬೇಕು. ಸೀತೆ ಮಾತಾಡುವಾಗ ಫ್ಯಾನು ಒಂದನೇ ನಂಬರಿನಲ್ಲಿ, ಮಾತು ಮುಗಿದೊಡನೆ ಮೂರಕ್ಕೆ. ಜ್ವಾಲೆ ಅವಳಿಗಾಗಿ ಕಾಯುತ್ತಿತ್ತು. ಅದು ಬಟ್ಟೆಯೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ಯಾರೂ ನಗಲಿಲ್ಲ.

ಅದ್ದೂರಿಯೇ ತಪ್ಪೆಂದು ನಾನು ಹೇಳಲಾರೆ. ಗುಬ್ಬಿ ವೀರಣ್ಣನವರ ಕಂಪನಿ 1934ರಲ್ಲಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಆದರೆ ಅಲ್ಲಿದ್ದವರು ಕೊನೆಯ ಸಾಲಿಗೂ ದನಿ ಮುಟ್ಟಿಸಬಲ್ಲ ನಟರು. ನಮ್ಮದು ಎಂಟನೇ ತರಗತಿಯ ಕಂಠ. ಯಕ್ಷಗಾನದವರ ಲೆಕ್ಕಾಚಾರ ಇನ್ನೂ ಚೊಕ್ಕ. ರಾಕ್ಷಸ ಬರುವಾಗ ದೊಂದಿಗೆ ರಾಳದ ಪುಡಿ ಎರಚುತ್ತಾರೆ, ಭುಗ್ಗೆಂದು ಎದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಆರುತ್ತದೆ. ಆಮೇಲೆ ಉಳಿಯುವುದು ವೇಷಧಾರಿ, ಅವನ ಕುಣಿತ, ಮಾತು. ನಮ್ಮ ಹೊಗೆಯೋ, ಮುಂದಿನ ದೃಶ್ಯದಲ್ಲಿ ಅಯೋಧ್ಯೆಯವರೆಗೂ ಬಂದಿತ್ತು!

ಆ ತಾಯಿಗೆ ನಾನು ಉತ್ತರ ಹೇಳಲಿಲ್ಲ, ಹುಡುಗಿಯನ್ನೇ ಕರೆದೆ. ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಬಣ್ಣ ತೆಗೆದಿದ್ದ ಮುಖದಲ್ಲೇ ಅವಳು ವರಾಂಡದಲ್ಲಿ ನಿಂತು, ಒಂದಕ್ಷರ ಬಿಡದೆ ಅಷ್ಟನ್ನೂ ಹೇಳಿದಳು.