ಊಟದ ತಟ್ಟೆಯೂ ರಾಜಪತ್ರವೂ

1946ರ ಜೂನ್ ತಿಂಗಳಲ್ಲಿ, ಒಂದೇ ವಾರದ ಅಂತರದಲ್ಲಿ, ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ನರು ಎರಡು ಶಾಸನಗಳಿಗೆ ಅಂಕಿತ ಹಾಕಿದರು. ನಾಲ್ಕನೆಯ ತಾರೀಖಿನದು ಶಾಲಾಮಕ್ಕಳ ಮಧ್ಯಾಹ್ನದ ಊಟವನ್ನು ಕುರಿತದ್ದು. ಹನ್ನೊಂದನೆಯದರದು, ಸಂಯುಕ್ತ ಸರ್ಕಾರದ ಇಲಾಖೆಗಳು ನಿಯಮಗಳನ್ನು ವಿಧಿಸುವುದಕ್ಕೆ ಮುನ್ನ ಸಾಮಾನ್ಯವಾಗಿ ಅವುಗಳ ಕರಡನ್ನು ಪ್ರಕಟಿಸಿ ಪ್ರಜೆಗಳ ಅಭಿಪ್ರಾಯವನ್ನು ಕೇಳತಕ್ಕದ್ದೆಂದು ಗೊತ್ತುಮಾಡಿದ ಆಡಳಿತ ಕಾರ್ಯವಿಧಾನದ ಶಾಸನ. ಒಂದು ಅನ್ನದ್ದು, ಇನ್ನೊಂದು ಮಾತಿನದು. ಇವೆರಡೂ ಮುಂದೆ ಒಂದೇ ಪಂಕ್ತಿಯಲ್ಲಿ ಕುಳಿತಾಗ ಏನಾಯಿತೆಂಬುದನ್ನು ನೋಡಿದರೆ, ಪ್ರಜಾಭಿಪ್ರಾಯವೆಂಬ ಈ ಪದ್ಧತಿಯ ಸತ್ತ್ವವೂ ದೌರ್ಬಲ್ಯವೂ ಒಟ್ಟಿಗೆ ಗೋಚರಿಸುತ್ತವೆ.

2010ರ ಡಿಸೆಂಬರಿನ ಕಾನೂನೊಂದರ ಆಧಾರದ ಮೇಲೆ, ಮರುತಿಂಗಳೇ ಕೃಷಿ ಇಲಾಖೆಯು ಶಾಲೆಯ ಊಟಕ್ಕೆ ಹೊಸ ಕರಡು ನಿಯಮಗಳನ್ನು ಫೆಡರಲ್ ರಿಜಿಸ್ಟರ್ ಎಂಬ ರಾಜಪತ್ರದಲ್ಲಿ ಪ್ರಕಟಿಸಿತು. ಹಣ್ಣು, ಸೊಪ್ಪು, ಇಡಿಧಾನ್ಯಗಳು ಹೆಚ್ಚಬೇಕು, ಉಪ್ಪು ಇಳಿಯಬೇಕು, ಆಲೂಗಡ್ಡೆಯಂಥ ಪಿಷ್ಟದ ತರಕಾರಿ ವಾರಕ್ಕೆ ಒಂದು ಬಟ್ಟಲನ್ನು ಮೀರಬಾರದು. ತೊಂಬತ್ತು ದಿನಗಳ ಅವಧಿಯಲ್ಲಿ ಬಂದ ಅಭಿಪ್ರಾಯಗಳು 1,33,000ಕ್ಕೂ ಮೇಲು. ಆದರೆ ಅವುಗಳಲ್ಲಿ ಬಹುಪಾಲು, ಸಂಘಗಳು ಬರೆದುಕೊಟ್ಟ ಒಂದೇ ಒಕ್ಕಣೆಗೆ ಬೇರೆ ಬೇರೆಯವರು ರುಜು ಹಾಕಿದಂಥವು. ಸಂಖ್ಯೆಯನ್ನು ಕಂಡು ಬೆರಗಾಗುವವರು ಇದು ಚುನಾವಣೆಯಲ್ಲವೆಂಬುದನ್ನು ಮರೆಯುತ್ತಾರೆ. ಇಲಾಖೆಯು ತಲೆಗಳನ್ನು ಎಣಿಸಬೇಕಾಗಿಲ್ಲ, ಕಾರಣಗಳನ್ನು ತೂಗಬೇಕು. ಆದ್ದರಿಂದ ಸಾವಿರ ರುಜುಗಳ ಗದ್ದಲಕ್ಕಿಂತ, ಬೆಳಗ್ಗೆ ಆರಕ್ಕೆ ಒಲೆ ಹಚ್ಚುವ ಅಡುಗೆಯವರ ಲೆಕ್ಕ ಬಲ್ಲವರ ಒಂದು ಕಾಗದಕ್ಕೆ ಅಲ್ಲಿ ಬೆಲೆ ಹೆಚ್ಚು.

ಹಾಗೆಯೇ ಆಯಿತು ಸಹ. ಬೆಳಗಿನ ತಿಂಡಿಯಲ್ಲಿ ಧಾನ್ಯದ ಜೊತೆಗೆ ಮಾಂಸವೋ ಅದಕ್ಕೆ ಸಮನಾದದ್ದೋ ಪ್ರತಿದಿನವೂ ಇರಲೇಬೇಕೆಂದು ಕರಡು ಹೇಳಿತ್ತು. ಅದಕ್ಕೆ ಬೇಕಾದ ಹಣ ತಮ್ಮಲ್ಲಿಲ್ಲವೆಂದು ಶಾಲೆಗಳ ಕಡೆಯವರು ಬರೆದರು. 2012ರ ಜನವರಿಯ ಅಂತಿಮ ನಿಯಮದಲ್ಲಿ ಆ ವಿಧಿ ಮಾಯವಾಯಿತು. ಇಂತಹ ಬದಲಾವಣೆಗಳಿಂದ ಐದು ವರ್ಷಗಳ ಅಂದಾಜು ವೆಚ್ಚವು 680 ಕೋಟಿ ಡಾಲರುಗಳಿಂದ 320 ಕೋಟಿಗೆ ಇಳಿಯಿತು. ಸೋಯಾ ಹಾಲನ್ನು ಒಡೆಸಿ ಮಾಡುವ ತೋಫುವಿಗೆ ಮಾಂಸದ ಸ್ಥಾನದಲ್ಲಿ ಮನ್ನಣೆ ದೊರೆತದ್ದೂ ಆಗಲೇ. ಆ ಅಂತಿಮ ನಿಯಮದ ಪೀಠಿಕೆಯನ್ನು ಓದುವವನಿಗೆ ನಮ್ಮ ಭಾಷ್ಯಕಾರರ ನೆನಪಾಗದಿರದು: ಮೊದಲು ಪೂರ್ವಪಕ್ಷ, ಅನಂತರ ಅದರ ಪರಾಮರ್ಶೆ, ಕಡೆಗೆ ಸಿದ್ಧಾಂತ. ಶುಷ್ಕ ಗದ್ಯವೇ ಅಹುದು. ಆದರೂ ಪ್ರಭುವು ತನ್ನ ಆಜ್ಞೆಗೆ ಕಾರಣ ಹೇಳಲೇಬೇಕಾಗಿ ಬಂದ ಗದ್ಯ. ಈ ಪದ್ಧತಿಯ ನಿಜವಾದ ಹಿರಿಮೆ ಇರುವುದು ಇಲ್ಲಿ, ಬಂದ ಕಾಗದಗಳ ರಾಶಿಯಲ್ಲಲ್ಲ.

ಆದರೆ ಮುಂಬಾಗಿಲಲ್ಲಿ ಹೀಗೆ ವಾದ ನಡೆಯುತ್ತಿರುವಾಗ ಹಿತ್ತಿಲ ಬಾಗಿಲು ತೆರೆದೇ ಇತ್ತು. ಪಿಜ್ಜಾದ ಮೇಲೆ ಬಳಿಯುವ ಗಟ್ಟಿ ಟೊಮೇಟೊ ರಸವು ಬಟ್ಟಲಿನ ಎಂಟನೆಯ ಒಂದು ಪಾಲಿದ್ದರೂ ಅದನ್ನು ಅರ್ಧ ಬಟ್ಟಲು ತರಕಾರಿಯೆಂದು ಎಣಿಸುವ ಹಳೆಯ ರೂಢಿಯನ್ನು ಬಿಟ್ಟು, ಇದ್ದಷ್ಟನ್ನೇ ಎಣಿಸಬೇಕೆಂದು ಕರಡು ಸೂಚಿಸಿತ್ತು. ಅಂತಿಮ ನಿಯಮ ಹೊರಬೀಳುವುದಕ್ಕೆ ಮೊದಲೇ, 2011ರ ನವೆಂಬರಿನಲ್ಲಿ, ಶೈತ್ಯೀಕೃತ ಆಹಾರದ ಉದ್ಯಮಿಗಳೂ ಆಲೂಗಡ್ಡೆ ಬೆಳೆವ ಸೀಮೆಗಳ ಪ್ರತಿನಿಧಿಗಳೂ ಒತ್ತಾಯಿಸಲಾಗಿ, ಕಾಂಗ್ರೆಸ್ ಸಭೆಯು ಧನವಿನಿಯೋಗದ ಮಸೂದೆಯಲ್ಲಿಯೇ ಆ ಸೂಚನೆಯನ್ನೂ ಆಲೂಗಡ್ಡೆಯ ಮಿತಿಯನ್ನೂ ತಡೆದುಬಿಟ್ಟಿತು. ಪೂರ್ವಪಕ್ಷವೂ ಇಲ್ಲ, ಸಿದ್ಧಾಂತವೂ ಇಲ್ಲ. 1981ರಲ್ಲಿ ಉಪ್ಪಿನಕಾಯಿಯಂಥ ವ್ಯಂಜನವನ್ನೂ ತರಕಾರಿಯೆಂದು ಎಣಿಸಹೊರಟ ಕರಡನ್ನು, ಪತ್ರಿಕೆಗಳು ಕೆಚಪ್ಪಿನ ಹೆಸರು ಹಿಡಿದು ನಗೆಗೀಡುಮಾಡಿದ್ದರಿಂದ, ಸರ್ಕಾರ ಅದೇ ತಿಂಗಳು ಹಿಂತೆಗೆದುಕೊಂಡಿತ್ತು. ಈ ಸಲ ಜನ ನಕ್ಕದ್ದೇನೋ ಉಂಟು, ಫಲವಾಗಲಿಲ್ಲ.

ಇನ್ನೊಂದು ಕೊರತೆ ಸೂಕ್ಷ್ಮವಾದದ್ದು. ಬರೆದವರು ಆಹಾರತಜ್ಞರು, ಅಧಿಕಾರಿಗಳು, ವರ್ತಕರು, ತಾಯಿತಂದೆಗಳು. ಉಣ್ಣಬೇಕಾದವರ ದನಿ ಅಲ್ಲಿ ಕ್ಷೀಣ. ಹುಡುಗರು ಬರೆಯಬಾರದೆಂಬ ನಿಷೇಧವೇನೂ ಇಲ್ಲ. ಆದರೆ ಹದಿನೈದರ ಹರೆಯದಲ್ಲಿ ರಾಜಪತ್ರ ಓದುವವರಾರು? ನಿಯಮ ಜಾರಿಯಾದ 2012ರ ಶರತ್ಕಾಲದಲ್ಲಿ, ಧಾನ್ಯಕ್ಕೂ ಮಾಂಸಕ್ಕೂ ಹಾಕಿದ ಮೇಲ್ಮಿತಿಯಿಂದ ಹೊಟ್ಟೆ ತುಂಬುತ್ತಿಲ್ಲವೆಂದು ಆಟಪಾಟಗಳಲ್ಲಿ ಮೈ ದಣಿಸುವ ಹುಡುಗರು ಗೊಣಗಿದರು. ಕ್ಯಾನ್ಸಸ್ ಪ್ರಾಂತದ ಒಂದು ಪ್ರೌಢಶಾಲೆಯಲ್ಲಂತೂ ತಾವು ಹಸಿದಿದ್ದೇವೆಂದು ಅಣಕುಹಾಡನ್ನೇ ಕಟ್ಟಿ ಚಿತ್ರಿಸಿದರು. ಡಿಸೆಂಬರಿನಲ್ಲಿ ಇಲಾಖೆ ಮಿತಿಯನ್ನು ಸಡಿಲಿಸಿತು. ತೊಂಬತ್ತು ದಿನಗಳ ಪತ್ರವ್ಯವಹಾರದಲ್ಲಿ ದಾಖಲೆಗೆ ಬಾರದ ಹಸಿವು, ತಟ್ಟೆ ಮುಂದೆ ಬಂದ ಮೇಲೆ ಮಾತಾಡಿತು.

ಇಷ್ಟಾಗಿಯೂ ಪದ್ಧತಿಯನ್ನು ಬರಿಯ ಸೋಗೆಂದು ತಳ್ಳಿಹಾಕಲಾರೆ. 2017ರಲ್ಲಿ ಮಧ್ಯಂತರ ನಿಯಮವೊಂದರಿಂದ ಇಲಾಖೆಯು ಉಪ್ಪಿನ ಇಳಿಕೆಯನ್ನು ಮುಂದೂಡುವ ಬಗೆಗೂ ಇಡಿಧಾನ್ಯದ ವಿಷಯದಲ್ಲಿ ರಿಯಾಯಿತಿ ಕೊಡುವ ಬಗೆಗೂ ಜನರನ್ನು ಕೇಳಿತು; ಮರುವರ್ಷ ಹೊರಡಿಸಿದ ಅಂತಿಮ ನಿಯಮದಲ್ಲಾದರೋ ಉಪ್ಪಿನ ಕೊನೆಯ ಗುರಿಯನ್ನೇ ಅಳಿಸಿ, ಇಡಿಧಾನ್ಯವನ್ನು ಅರ್ಧಕ್ಕೆ ಇಳಿಸಿತು. ಕೇಳಿದ್ದು ಒಂದು, ವಿಧಿಸಿದ್ದು ಇನ್ನೊಂದು. ಕರಡಿನಿಂದ ಈ ನಿಯಮ ಸಹಜವಾಗಿ ಹುಟ್ಟಿದುದಲ್ಲವೆಂದು ಮೇರಿಲ್ಯಾಂಡಿನ ಫೆಡರಲ್ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ತೀರ್ಪು ಬಂದದ್ದು 2020ರ ಏಪ್ರಿಲಿನಲ್ಲಿ. ಆ ವೇಳೆಗೆ ಕೋವಿಡ್ ಕಾಲಿಟ್ಟು ಊಟದ ಕೋಣೆಗಳು ಬರಿದಾಗಿದ್ದುವು. ಶಾಲೆಗಳು ಹೆಬ್ಬಾಗಿಲಲ್ಲಿ ನಿಂತು ಊಟವನ್ನು ಚೀಲಗಳಲ್ಲಿ ಕಟ್ಟಿಕೊಡುತ್ತಿದ್ದುವು.